‘ದೇವರು ಒಳ್ಳೆಯದು ಮಾಡಲಿ’ ಎಂದವರಿಗೆ ದೇವರನ್ನು ನಂಬದವರು ಏನು ಹೇಳುತ್ತೀರಿ?

ಕುಮುದಾ, ಹಾಸನ

ದೇವರು ಇದ್ದಾನೆಯೇ ಇಲ್ಲವೇ ಎಂಬ ವಾದಕ್ಕೆ ದಯವಿಟ್ಟು ಈ ಚರ್ಚೆಯನ್ನು ಎಳೆಯಬೇಡಿ. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು, ಆದರೆ ದಿನವೂ ಎದುರಾಗುವಂಥದ್ದು. ನಾನು ದೇವರನ್ನು ನಂಬುವವಳಲ್ಲ. ಮನೆಯವರಿಗೆ ಗೊತ್ತಿದೆ. ಹೊರಗಿನವರು ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಇಲ್ಲ. ಆದರೆ ನಮ್ಮ ಕಡೆ ಯಾರಿಗಾದರೂ ಒಳ್ಳೆಯ ಮಾತು ಆಡಬೇಕೆಂದರೆ ಅದರಲ್ಲಿ ದೇವರು ಇದ್ದೇ ಇರುತ್ತಾನೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ ‘ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ ಮಗಳೇ’. ಕೆಲಸ ಸಿಕ್ಕಿತು ಎಂದರೆ ‘ಎಲ್ಲ ಅವನ ದಯೆ’. ಮಗುವಿಗೆ ಜ್ವರ ಎಂದರೆ ‘ಮಂಜುನಾಥನಿಗೆ ಮುಡಿಪು ಕಟ್ಟಿಡು’. ಸಾವಿನ ಸುದ್ದಿ ಬಂದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉದ್ದಕ್ಕೂ ‘ಓಂ ಶಾಂತಿ’.

ಬಸ್ಸಿನ ಅಜ್ಜಿಯ ಮಾತಿನಿಂದ ನನಗೇನೂ ತೊಂದರೆಯಿಲ್ಲ. ‘ಆಗಲಿ ಅಜ್ಜಿ, ನೀವೂ ಚೆನ್ನಾಗಿರಿ’ ಎನ್ನುತ್ತೇನೆ, ಮನಸಾರೆ ಎನ್ನುತ್ತೇನೆ. ಕಷ್ಟವಾಗುವುದು ನಾನೂ ದನಿಗೂಡಿಸಲಿ ಎಂದು ಎದುರಿನವರು ಕಾಯುವಾಗ. ಅಮ್ಮನಿಗೆ ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ನೋಡಲು ಬಂದವರೆಲ್ಲ ‘ದೇವರು ದೊಡ್ಡವನು, ಅಲ್ಲವೇನಮ್ಮ?’ ಎಂದು ನನ್ನ ಮುಖ ನೋಡುತ್ತಿದ್ದರು. ಹೂಂ ಎಂದರೆ ಸುಳ್ಳು ಹೇಳಿದಂತೆ. ಉಹೂಂ ಎಂದರೆ, ಎರಡು ಬಸ್ಸು ಬದಲಿಸಿ ಹಣ್ಣು ಹಿಡಿದು ಬಂದವರ ಮನಸ್ಸು ನೋಯಿಸಿದಂತೆ. ನೀವೆಲ್ಲ ಏನು ಮಾಡುತ್ತೀರಿ?

ಸಾಗರದ ಓದುಗ

ಕುಮುದಾ ಅವರೇ, ಹೂಂ ಎನ್ನಬೇಡಿ. ನಾವು ಹೂಂ ಎಂದೂ ಎಂದೂ ನಮ್ಮಂಥವರು ಈ ನಾಡಿನಲ್ಲಿ ಇಲ್ಲವೇ ಇಲ್ಲ ಎಂಬಂತಾಗಿದೆ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ದೇಶದಲ್ಲಿ ಸುಮಾರು 29 ಲಕ್ಷ. ಅವರಲ್ಲಿ ಎಲ್ಲರೂ ನಾಸ್ತಿಕರಲ್ಲ, ಗೊತ್ತು. ಹಾಗೆಯೇ ನಾಸ್ತಿಕರಲ್ಲಿ ಎಷ್ಟೋ ಮಂದಿ ಹುಟ್ಟಿದ ಮನೆಯ ಧರ್ಮವನ್ನೇ ಬರೆಸಿ ಸುಮ್ಮನಾಗಿರುತ್ತಾರೆ.

ಎಚ್. ನರಸಿಂಹಯ್ಯನವರನ್ನು ನೆನಪಿಸಿಕೊಳ್ಳಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದವರು. ಖಾದಿ ತೊಟ್ಟು, ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಬದುಕು ಕಳೆದ ಅವರನ್ನು ಯಾರೂ ಒರಟರೆಂದು ಕರೆಯಲಿಲ್ಲ. ಪ್ರಶ್ನೆ ಕೇಳುವುದಕ್ಕೂ ಸೌಜನ್ಯಕ್ಕೂ ಹಗೆತನವಿಲ್ಲ.

ನನ್ನ ಪದ್ಧತಿ ಸರಳ. ‘ದೇವರ ದಯೆ’ ಎಂದು ಯಾರಾದರೂ ಹೇಳಿದರೆ ನಾನು ಮನುಷ್ಯರ ಹೆಸರು ಹೇಳುತ್ತೇನೆ. ‘ಆ ಡಾಕ್ಟರು ಗಂಟೆಗಟ್ಟಲೆ ನಿಂತೇ ಇದ್ದರು, ರಕ್ತ ಕೊಡಲು ಮಗನ ಗೆಳೆಯರು ನಾಲ್ವರು ಬಂದಿದ್ದರು, ಅವರನ್ನು ಮರೆಯುವಂತಿಲ್ಲ’ ಎನ್ನುತ್ತೇನೆ. ಅದರಲ್ಲಿ ಸುಳ್ಳಿಲ್ಲ, ಬಂದವರಿಗೆ ಅವಮಾನವೂ ಇಲ್ಲ, ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲುತ್ತದೆ. ಆದರೂ ‘ಅವರ ಕೈಯಿಂದ ಮಾಡಿಸಿದವನು ಅವನೇ ಅಲ್ಲವೇ?’ ಎಂದು ಮುಂದುವರಿಸಿದರೆ ಆಗ ಮಾತ್ರ ‘ನಾನು ನಂಬುವುದಿಲ್ಲ, ಆದರೆ ನೀವು ನೋಡಲು ಬಂದದ್ದು ನನಗೆ ದೊಡ್ಡದು’ ಎಂದು ಹೇಳಿಬಿಡುತ್ತೇನೆ.

ನಿವೃತ್ತ ಮೇಷ್ಟ್ರು, ತಿಪಟೂರು

ನಾನು ಆಸ್ತಿಕ. ಬೆಳಿಗ್ಗೆ ಪೂಜೆ ಮಾಡದೆ ಕಾಫಿ ಕುಡಿಯುವವನಲ್ಲ. ಈ ಚರ್ಚೆಯಲ್ಲಿ ನನ್ನ ಕಡೆಯ ಮಾತು ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ನನ್ನ ವಿದ್ಯಾರ್ಥಿಗಳು ಬಂದು ಕಾಲಿಗೆ ನಮಸ್ಕರಿಸಿದಾಗ ‘ಭಗವಂತ ಆಯುರಾರೋಗ್ಯ ಕೊಟ್ಟು ಕಾಪಾಡಲಿ’ ಎನ್ನುತ್ತೇನೆ. ಅದು ನನ್ನ ದೇವರಲ್ಲಿ ನಾನು ಇಡುವ ಬೇಡಿಕೆ. ಆ ಹುಡುಗ ನಂಬುತ್ತಾನೆಯೇ ಎಂದು ವಿಚಾರಿಸಿಕೊಂಡು ನಾನು ಹರಸುವುದಿಲ್ಲ, ವಿಚಾರಿಸಬೇಕಾಗಿಯೂ ಇಲ್ಲ. ಅವನು ಏನೂ ಹೇಳದಿದ್ದರೂ ನನಗೆ ಬೇಸರವಿಲ್ಲ. ಬೇಸರವಾಗುವುದು, ನಂಬದೆಯೇ ನನ್ನನ್ನು ಮೆಚ್ಚಿಸಲು ‘ಎಲ್ಲ ಅವನ ಕೃಪೆ ಸಾರ್’ ಎಂದು ಕೈಮುಗಿದರೆ. ಅದು ನನಗೆ ಗೊತ್ತಾಗುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಯಾರು ಪಾಠ ಓದಿದ್ದಾರೆ, ಯಾರು ಓದಿದಂತೆ ತಲೆಯಾಡಿಸುತ್ತಿದ್ದಾರೆ ಎಂದು ಕಂಡುಹಿಡಿಯುವುದೇ ನನ್ನ ಕಸುಬಾಗಿತ್ತು. ಆದ್ದರಿಂದ ಕುಮುದಾ ಅವರೇ, ನನ್ನಂಥವರಿಗಾಗಿ ಸುಳ್ಳು ಹೇಳಬೇಡಿ ತಾಯಿ. ‘ಅಮ್ಮ ಹುಷಾರಾದರು, ನಮಗೆಲ್ಲ ಸಮಾಧಾನವಾಯಿತು’ ಎಂದರೆ ನನಗೆ ಬೇಕಾದ ಉತ್ತರ ಸಿಕ್ಕಿತು.

ಸಾಗರದ ಓದುಗ

ಮೇಷ್ಟ್ರೇ, ಈ ಮಾತನ್ನು ಇಷ್ಟು ನೇರವಾಗಿ ಆಸ್ತಿಕರೊಬ್ಬರ ಬಾಯಿಂದ ಕೇಳಿ ಬಹಳ ಸಂತೋಷವಾಯಿತು.

ರಾತ್ರಿಪಾಳಿ

ನಾನು ತೀವ್ರ ನಿಗಾ ಘಟಕದಲ್ಲಿ ಶುಶ್ರೂಷಕಿ. ಯಾವ ಆಸ್ಪತ್ರೆ ಎಂಬುದು ಬೇಡ. ನಾನೂ ನಂಬದವಳೇ. ನನಗೆ ಈ ಪ್ರಶ್ನೆ ಮರ್ಯಾದೆಯದಷ್ಟೇ ಅಲ್ಲ, ಕೆಲಸದ ಭಾಗವೂ ಹೌದು.

ರಾತ್ರಿ ಎರಡು ಗಂಟೆಗೆ ಬಾಗಿಲ ಹೊರಗೆ ಚಾಪೆ ಹಾಸಿಕೊಂಡು ಮಲಗಿರುವವರು ನಾನು ಹೊರಬಂದ ಕೂಡಲೇ ಎದ್ದು ನಿಲ್ಲುತ್ತಾರೆ. ಬೈಕ್ ಅಪಘಾತದಲ್ಲಿ ಮಗನ ತಲೆಗೆ ಪೆಟ್ಟಾಗಿ ಬಂದಿದ್ದ ಒಬ್ಬ ತಂದೆ ‘ಸಿಸ್ಟರ್, ದೇವರು ಇದ್ದಾನಲ್ಲವೇ?’ ಎಂದು ಕೇಳಿದರು. ಆ ಹೊತ್ತಿನಲ್ಲಿ ಅವರಿಗೆ ಬೇಕಿದ್ದದ್ದು ತತ್ವವಲ್ಲ, ಮಗನ ಪಕ್ಕದಲ್ಲಿ ಯಾರಾದರೂ ಇದ್ದಾರೆ ಎಂಬ ಧೈರ್ಯ. ‘ನಾನು ಬೆಳಿಗ್ಗೆ ಎಂಟರವರೆಗೆ ಅವನ ಹಾಸಿಗೆ ಬಿಟ್ಟು ಕದಲುವುದಿಲ್ಲ. ಏನೇ ಬದಲಾದರೂ ತಕ್ಷಣ ಹೊರಗೆ ಬಂದು ಹೇಳುತ್ತೇನೆ. ನೀವು ಸ್ವಲ್ಪ ನೀರು ಕುಡಿಯಿರಿ’ ಎಂದೆ. ಅವರು ಕುಳಿತುಕೊಂಡರು. ನಾನು ದೇವರಿದ್ದಾನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಮನೆಯವರು ವಿಭೂತಿ, ಕುಂಕುಮ, ದರ್ಗಾದ ತಾಯತ, ಚರ್ಚಿನ ಎಣ್ಣೆ ಎಲ್ಲವನ್ನೂ ತರುತ್ತಾರೆ. ರೋಗಿಗೆ ಹಚ್ಚಲು, ಬಾಯಿಗೆ ಹಾಕಲು ಬಿಡುವುದಿಲ್ಲ. ಸೋಂಕಿನ ಭಯವಿರುತ್ತದೆ, ನುಂಗುವ ಶಕ್ತಿ ಇಲ್ಲದವರಿಗೆ ಒಂದು ಹನಿ ನೀರೂ ಶ್ವಾಸಕೋಶಕ್ಕೆ ಇಳಿಯಬಹುದು. ಆ ಪೊಟ್ಟಣವನ್ನು ಸಣ್ಣ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಹಾಸಿಗೆಯ ತಲೆಭಾಗದ ಕಂಬಿಗೆ ಅಂಟುಪಟ್ಟಿಯಿಂದ ಅಂಟಿಸುತ್ತೇನೆ. ಬೆಳಿಗ್ಗೆ ಒಳಗೆ ಬಂದವರು ಮೊದಲು ಹುಡುಕುವುದು ಅದನ್ನೇ.

ಆದರೆ ಒಂದು ಮಾತಿಗೆ ನನ್ನ ವಿರೋಧವಿದೆ. ‘ನಮ್ಮ ಕೈಲಾದ್ದು ಮಾಡಿದ್ದೇವೆ, ಇನ್ನು ದೇವರ ಮೇಲೆ ಭಾರ ಹಾಕಿ’ ಎಂದು ನಮ್ಮವರೇ, ಅಂದರೆ ಆಸ್ಪತ್ರೆಯ ಸಿಬ್ಬಂದಿಯೇ ಹೇಳುವುದು. ಅದನ್ನು ಕೇಳಿದ ಮನೆಯವರಲ್ಲಿ ಕೆಲವರಿಗೆ ‘ಇನ್ನೂ ಆಸೆಯಿದೆ’ ಎಂದು ಕೇಳಿಸುತ್ತದೆ, ಕೆಲವರಿಗೆ ‘ಮುಗಿಯಿತು’ ಎಂದು. ಹಳ್ಳಿಯಿಂದ ಅಣ್ಣತಮ್ಮಂದಿರನ್ನು ಕರೆಸಬೇಕೇ, ಇನ್ನಷ್ಟು ಸಾಲ ಮಾಡಬೇಕೇ ಎಂದು ಆ ರಾತ್ರಿಯೇ ತೀರ್ಮಾನಿಸಬೇಕಾದವರಿಗೆ ಅಂಥ ಮಾತು ಕೊಡುವುದು ಅನ್ಯಾಯ. ಬದುಕುವ ಸಾಧ್ಯತೆ ತೀರಾ ಕಡಿಮೆಯಿದ್ದರೆ ಹಾಗೆಂದೇ ಹೇಳಬೇಕು. ಆಮೇಲೆ ಅವರು ತಮ್ಮ ದೇವರನ್ನು ಕರೆಯುತ್ತಾರೆ. ಅದು ಅವರ ಹಕ್ಕು.

ಬಂದರಿನವಳು

ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವಳು ನಾನು. ಪೂಜೆಗೆ, ಅಂದರೆ ಮಾಸ್‌ಗೆ, ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಆದರೆ ನಮ್ಮ ಭಾಷೆಯಲ್ಲಿ ಕೃತಜ್ಞತೆ ಹೇಳಬೇಕಾದರೆ ‘ದೇವ್ ಬರೆಂ ಕರುಂ’ ಎಂದೇ ಹೇಳಬೇಕು. ದೇವರು ಒಳ್ಳೆಯದು ಮಾಡಲಿ ಎಂದು. ‘ಥ್ಯಾಂಕ್ಯೂ’ ಎನ್ನಬಹುದು, ಆದರೆ ಮೀನು ಕೊಯ್ದು ಕೊಟ್ಟ ಬಾಯಮ್ಮನಿಗೆ ಥ್ಯಾಂಕ್ಯೂ ಎಂದರೆ ದೂರದವಳಂತೆ ಕೇಳಿಸುತ್ತದೆ. ಆದ್ದರಿಂದ ನಾನು ‘ದೇವ್ ಬರೆಂ ಕರುಂ’ ಎನ್ನುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅದು ನನ್ನ ತಾಯಿನುಡಿ, ಪಾದ್ರಿಗಳೊಬ್ಬರದ್ದೇ ಆಸ್ತಿಯಲ್ಲ.

ನನಗೆ ಕಷ್ಟವಾಗಿದ್ದದ್ದು ಸಂಜೆಯ ತೇರ್ಸ್. ಮನೆಮಂದಿಯೆಲ್ಲ ಅಲ್ತಾರಿನ ಎದುರು ಮೊಣಕಾಲೂರಿ ಜಪಸರ ಮುಗಿಸಿದ ಮೇಲೆ ಚಿಕ್ಕವರು ದೊಡ್ಡವರ ಬಳಿ ಹೋಗಿ ‘ಬೆಸಾಂವ್’ ಕೇಳುವುದು ವಾಡಿಕೆ, ಅಂದರೆ ಆಶೀರ್ವಾದ. ಜಪ ಮಾಡದವಳು ಆಶೀರ್ವಾದ ಮಾತ್ರ ಹೇಗೆ ಕೇಳಲಿ ಎಂದು ನಾನು ಆ ಹೊತ್ತಿಗೆ ಮಹಡಿ ಹತ್ತಿಬಿಡುತ್ತಿದ್ದೆ. ಅಜ್ಜಿ ಒಂದು ದಿನ ‘ತೇರ್ಸಿಗೆ ಬರದಿದ್ದರೆ ಬೇಡ, ಆಮೇಲೆ ಒಂದು ಗಳಿಗೆ ನನ್ನ ಹತ್ತಿರ ಬಂದು ಹೋಗು’ ಎಂದರು. ಹಾಗೆಯೇ ಮಾಡಿದೆವು. ಪ್ರಾರ್ಥನೆಗೆ ನಾನಿಲ್ಲ, ಆಶೀರ್ವಾದಕ್ಕೆ ಇದ್ದೇನೆ. ಅವರು ತೀರಿಕೊಳ್ಳುವವರೆಗೂ ಇದೇ ಏರ್ಪಾಡು ನಡೆಯಿತು.

ಬಿಸಿಲೂರು

ಇಲ್ಲಿಯವರೆಗೆ ಬರೆದವರೆಲ್ಲ ಒಂದು ಸಂಗತಿಯನ್ನು ಗಮನಿಸಬೇಕು. ‘ನಾನು ನಂಬುವುದಿಲ್ಲ’ ಎಂದು ಹೇಳುವುದು ಎಲ್ಲರಿಗೂ ಒಂದೇ ಬೆಲೆಯಲ್ಲಿ ಸಿಗುವುದಿಲ್ಲ.

ನಾನು ಕಲ್ಯಾಣ ಕರ್ನಾಟಕದ ಮುಸ್ಲಿಂ ಮನೆಯ ಹೆಣ್ಣುಮಗಳು. ‘ಅಸ್ಸಲಾಮು ಅಲೈಕುಂ’ ಎಂದವರಿಗೆ ‘ವ ಅಲೈಕುಂ ಅಸ್ಸಲಾಂ’ ಎನ್ನುತ್ತೇನೆ. ನಾಳೆ ಬರುತ್ತೀಯಾ ಎಂದರೆ ‘ಇನ್ಶಾ ಅಲ್ಲಾ’ ಎನ್ನುತ್ತೇನೆ. ಮಗು ಚೆನ್ನಾಗಿದೆ ಎನ್ನುವಾಗ ‘ಮಾಶಾ ಅಲ್ಲಾ’ ಸೇರಿಸದಿದ್ದರೆ ಆ ತಾಯಿಗೆ ದೃಷ್ಟಿಯಾದೀತೆಂಬ ಆತಂಕ. ಅದನ್ನೂ ಸೇರಿಸುತ್ತೇನೆ. ನಾನು ನಂಬುವುದಿಲ್ಲ ಎಂದು ಗೊತ್ತಿರುವವರು ಇಬ್ಬರೇ ಇಬ್ಬರು. ಮೂರನೆಯವರಿಗೆ ಗೊತ್ತಾದರೆ ತಂಗಿಯ ಮದುವೆಯ ಮಾತುಕತೆ ನಿಲ್ಲುತ್ತದೆ, ಅಬ್ಬಾ ಮಸೀದಿಯ ಮೆಟ್ಟಿಲು ಹತ್ತಿದಾಗ ಬೆನ್ನ ಹಿಂದೆ ಮಾತು ಬರುತ್ತದೆ. ಇನ್ನೊಂದು ಕಡೆ, ನಮ್ಮ ಮನೆಯ ವಿಷಯವನ್ನು ನಮ್ಮವರ ಮೇಲೆ ಬೀಸಲು ಹೊರಗೆ ಕಾದು ಕುಳಿತವರೂ ಇದ್ದಾರೆ. ಎರಡನ್ನೂ ತೂಗಿ ನಾನು ಬಾಯಿ ಮುಚ್ಚಿಕೊಂಡಿದ್ದೇನೆ.

ಸಾಗರದ ಓದುಗರೇ, ‘ಹೂಂ ಎನ್ನಬೇಡಿ’ ಎಂದು ನೀವು ಬರೆದದ್ದನ್ನು ಓದಿದಾಗ ನೋವಾಯಿತು. ನನ್ನ ಹೂಂ ಹೇಡಿತನವಲ್ಲ. ಅಮ್ಮಿಯ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಉಳಿಸಿಕೊಳ್ಳಲು ನಾನು ಕೊಡುತ್ತಿರುವ ಬೆಲೆ.

ಸಾಗರದ ಓದುಗ

ನಿಮ್ಮ ಮಾತು ಒಪ್ಪಿದೆ. ಹೇಳಿಕೊಂಡರೆ ಏನೂ ಕಳೆದುಕೊಳ್ಳದವರು ಮೊದಲು ಹೇಳಿಕೊಳ್ಳಬೇಕು. ನಿವೃತ್ತಿ ವೇತನ ಬರುವ, ಸ್ವಂತ ಮನೆಯಿರುವ ನನ್ನಂಥ ಗಂಡಸು ಬಾಯಿ ತೆರೆಯದಿದ್ದರೆ ತಪ್ಪು. ನೀವು ತೆರೆಯಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಕಾವೇರಿ ಕಣಿವೆ

ನನ್ನ ಅನುಭವ ಬೇರೆ ದಿಕ್ಕಿನಿಂದ ಬಂದದ್ದು. ನಮ್ಮ ತಾತ ಊರ ಗೌಡರನ್ನು ಕಂಡರೆ ಚಪ್ಪಲಿ ಬಿಟ್ಟು, ವಲ್ಲಿಯನ್ನು ಕಂಕುಳಿಗೆ ಸೇರಿಸಿ ‘ಅಡ್ಡಬಿದ್ದೆ ಬುದ್ಧಿ’ ಎನ್ನಬೇಕಿತ್ತು. ಅದೂ ಆ ಕಾಲದ ಮರ್ಯಾದೆಯ ಮಾತೇ. ಎಲ್ಲರೂ ಹೇಳುತ್ತಾರೆ, ಅದರಲ್ಲೇನಿದೆ ಎನ್ನುತ್ತಿದ್ದರು. ನಮ್ಮ ಅಪ್ಪನ ಕಾಲಕ್ಕೆ ‘ನಮಸ್ಕಾರ’ವಾಯಿತು, ಅದಕ್ಕೂ ಏಟು ತಿಂದವರಿದ್ದಾರೆ. ನಾನು ‘ಜೈ ಭೀಮ್’ ಎನ್ನುತ್ತೇನೆ. ನಮ್ಮ ಬೀದಿಯಲ್ಲಿ ಮಕ್ಕಳೂ ಅದನ್ನೇ ಹೇಳುತ್ತಾರೆ, ಶಾಲೆಗೆ ಹೋಗುವ ದಾರಿಯಲ್ಲಿ ಎದುರಾದರೆ ಮುಷ್ಟಿ ಎತ್ತಿ ಹೇಳುತ್ತಾರೆ.

‘ಮಾತು ತಾನೇ, ಹೇಳಿಬಿಡಿ’ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಯಾರು ಹರಸಬಹುದು, ಯಾರು ಬಗ್ಗಬೇಕು ಎಂಬುದು ಆ ಮಾತುಗಳೊಳಗೇ ಇದೆ. ‘ದೀರ್ಘಸುಮಂಗಲಿ ಭವ’ ಎಂಬ ಹಾರೈಕೆ ಗಂಡ ಸತ್ತ ನಮ್ಮ ಅತ್ತೆಯನ್ನು ಪ್ರತಿ ಮದುವೆಯಲ್ಲೂ ಮೂಲೆಗೆ ಕೂರಿಸಿತು. ಅತ್ತೆಗೆ ನಾವು ಈಗ ಏನು ಹೇಳುತ್ತೇವೆ ಗೊತ್ತೇ? ‘ಅತ್ತೆ, ನೀನೇ ಮೊದಲು ಅಕ್ಷತೆ ಹಾಕು.’ ಕಳೆದ ಮದುವೆಯಲ್ಲಿ ಹಾಕಿದರು.

ನರಸಿಂಹಯ್ಯನವರ ಹೆಸರು ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಕುವೆಂಪು ತಮ್ಮ ಮಗ ತೇಜಸ್ವಿಯವರಿಗೆ 1966ರಲ್ಲಿ ಪುರೋಹಿತರಿಲ್ಲದೆ ಮದುವೆ ಮಾಡಿಸಿದ್ದು ಮಂತ್ರಮಾಂಗಲ್ಯದ ಕ್ರಮದಲ್ಲಿ. ಅವರು ನಾಸ್ತಿಕರಲ್ಲ. ಆದರೆ ಹಳೆಯ ಮಾತು ಬೇಡ ಎಂದು ಸುಮ್ಮನೆ ಬಿಟ್ಟುಬಿಡಲಿಲ್ಲ, ಅದರ ಜಾಗಕ್ಕೆ ಕನ್ನಡದಲ್ಲಿ ಗಟ್ಟಿಯಾದ ಬೇರೆ ಮಾತು ಕೊಟ್ಟರು. ಇವತ್ತಿಗೂ ನಮ್ಮ ಕಡೆಯ ಹುಡುಗರು ಹಾಗೆಯೇ ಮದುವೆಯಾಗುತ್ತಾರೆ. ನಂಬದವರು ಮಾಡಬೇಕಾದ ಕೆಲಸ ಅದು. ಬೇಡ ಎನ್ನುವುದು ಅರ್ಧ ಕೆಲಸ.

ಮ್ಯೂನಿಕ್ ಕನ್ನಡಿಗ

ಇಲ್ಲಿ ಬವೇರಿಯಾದಲ್ಲಿ ಬೇಕರಿಗೆ ಕಾಲಿಟ್ಟರೆ ‘ಗ್ರ್ಯೂಸ್ ಗೋಟ್’ ಎಂದು ಸ್ವಾಗತಿಸುತ್ತಾರೆ, ಅದರಲ್ಲಿ ದೇವರಿದ್ದಾನೆ. ಉತ್ತರ ಜರ್ಮನಿಯಿಂದ ಬಂದ ನನ್ನ ಸಹೋದ್ಯೋಗಿ ಕಟ್ಟಾ ನಾಸ್ತಿಕ, ಅವನು ಉತ್ತರವಾಗಿ ‘ಗುಟನ್ ಟಾಗ್’, ಅಂದರೆ ‘ಶುಭ ದಿನ’ ಎನ್ನುತ್ತಾನೆ. ಇಲ್ಲಿಯೇ ಹುಟ್ಟಿದ ಇನ್ನೊಬ್ಬಳು ಅವನಷ್ಟೇ ನಾಸ್ತಿಕಳು, ಆದರೆ ‘ಗ್ರ್ಯೂಸ್ ಗೋಟ್’ ಎನ್ನದೆ ಇರಲು ಅವಳಿಗೆ ಬಾಯಿ ಬರುವುದಿಲ್ಲ. ಮಂಗಳೂರಿನ ಸೋದರಿ ಬರೆದದ್ದನ್ನು ಓದಿದಾಗ ಅವಳೇ ನೆನಪಾದಳು. ಅಂಗಡಿಯವರಿಗೆ ಇಬ್ಬರಲ್ಲೂ ವ್ಯತ್ಯಾಸ ಕಾಣುವುದಿಲ್ಲ, ಇಬ್ಬರಿಗೂ ಬ್ರೆಡ್ ಕಟ್ಟಿಕೊಡುತ್ತಾರೆ.

ಇಬ್ಬರು ಮಕ್ಕಳ ತಾಯಿ

ದೊಡ್ಡವರ ಮಾತಾಯಿತು. ಮಕ್ಕಳ ವಿಷಯ ಹೇಳಿ. ಅತ್ತೆಯವರು ಚಿಕ್ಕವಳಿಗೆ ‘ಚಾಮಿ ಮಾಡು’ ಎಂದು ಕೈ ಜೋಡಿಸುವುದನ್ನು ಕಲಿಸಿದ್ದಾರೆ, ನನಗೆ ಅದು ಮುದ್ದಾಗಿಯೇ ಕಾಣುತ್ತದೆ. ಆದರೆ ಏಳನೇ ತರಗತಿಯ ಮಗ ‘ನನಗೆ ನಂಬಿಕೆಯಿಲ್ಲ, ಬೆಳಗಿನ ಪ್ರಾರ್ಥನೆ ಹೇಳುವುದಿಲ್ಲ’ ಎನ್ನುತ್ತಿದ್ದಾನೆ. ತರಗತಿಯ ಶಿಕ್ಷಕಿ ಅಶಿಸ್ತು ಎಂದು ಡೈರಿಯಲ್ಲಿ ಬರೆದು ಕಳುಹಿಸಿದ್ದಾರೆ.

ವಕೀಲ ಮಿತ್ರ

ಮೇಡಂ, ಮೊದಲು ಶಿಕ್ಷಕಿಯೊಂದಿಗೆ ಸೌಮ್ಯವಾಗಿ ಮಾತನಾಡಿ. ಆದರೆ ಕಾನೂನು ನಿಮ್ಮ ಕೈಯಲ್ಲಿರಲಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಆರಾಧನೆಗೆ ಮಗುವನ್ನು ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿ ಅದನ್ನು ಹೇಳುತ್ತದೆ.

ಇನ್ನೊಂದು ತೀರ್ಪು ಇದೆ, ಅದು ನಂಬುವ ಮಕ್ಕಳದ್ದು. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ತಮ್ಮ ಶ್ರದ್ಧೆ ಒಪ್ಪುವುದಿಲ್ಲವೆಂದು ಹಾಡುತ್ತಿರಲಿಲ್ಲ. 1985ರಲ್ಲಿ ಶಾಲೆಯಿಂದ ಹೊರಹಾಕಿದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಸುಮ್ಮನೆ ಎದ್ದು ನಿಲ್ಲುವುದು ಅಗೌರವವಲ್ಲ ಎಂಬುದು ಅದರ ಸಾರ. ನಿಮ್ಮ ಮಗನಿಗೂ ಹೇಳಿ: ಎಲ್ಲರೂ ಪ್ರಾರ್ಥಿಸುವಾಗ ನೇರ ನಿಲ್ಲಲಿ, ಪಕ್ಕದವನನ್ನು ಮಾತನಾಡಿಸದಿರಲಿ, ಬಾಯಿ ತೆರೆಯುವುದು ಅವನಿಗೆ ಬಿಟ್ಟದ್ದು.

ನ್ಯಾಯಾಲಯದಲ್ಲೂ ಅಷ್ಟೇ. ಸಿನಿಮಾದಲ್ಲಿ ತೋರಿಸುವಂತೆ ಗ್ರಂಥದ ಮೇಲೆ ಕೈ ಇಡಿಸುವುದಿಲ್ಲ. 1969ರ ಪ್ರಮಾಣ ಕಾಯ್ದೆಯ ನಮೂನೆಯಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಣ, ಎರಡೂ ಇವೆ. ಕಟಕಟೆಗೆ ಹೋಗುವ ಮೊದಲೇ ಬೆಂಚ್ ಕ್ಲರ್ಕಿಗೆ ‘ನಾನು ದೃಢೀಕರಣ ಮಾಡುತ್ತೇನೆ’ ಎಂದು ತಿಳಿಸಿದರೆ ಗೊಂದಲವಾಗುವುದಿಲ್ಲ. ಮಂತ್ರಿಗಳಿಗೂ ಶಾಸಕರಿಗೂ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಇದೇ ಎರಡು ದಾರಿ. ಬ್ರಿಟನ್ನಿನಲ್ಲಿ ಈ ಹಕ್ಕಿಗಾಗಿ ನಾಸ್ತಿಕರಾಗಿದ್ದ ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ಗೆದ್ದ ಸಂಸತ್ ಸ್ಥಾನದಲ್ಲಿ ಕೂರಲು 1886ರವರೆಗೆ ಹೋರಾಡಬೇಕಾಯಿತು. ನಮಗೆ ಅದು ಸಂವಿಧಾನದ ಜೊತೆಯಲ್ಲೇ ಬಂದಿದೆ. ಪೀಠಿಕೆಯನ್ನು ‘ದೇವರ ಹೆಸರಿನಲ್ಲಿ’ ಎಂದು ಆರಂಭಿಸಬೇಕು ಎಂದು ಎಚ್.ವಿ. ಕಾಮತ್ 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದರು. ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದವು. ವಿರೋಧಿಸಿದವರಲ್ಲಿ ದೇವರನ್ನು ನಂಬುವವರೂ ಇದ್ದರು. ನಂಬಿಕೆಯ ವಿಷಯದಲ್ಲಿ ಇನ್ನೊಬ್ಬರ ಬಾಯಿಂದ ಮಾತು ಹೊರಡಿಸಬಾರದು ಎಂಬುದು ಅವರ ನಿಲುವು.

ಕುಮುದಾ, ಹಾಸನ

ಇದನ್ನೆಲ್ಲ ಓದಿದ ಮೇಲೆ ನನಗೆ ಗೆರೆ ಎಲ್ಲಿದೆ ಎಂದು ಕಾಣುತ್ತಿದೆ. ಇನ್ನೊಬ್ಬರು ತಮ್ಮ ನಂಬಿಕೆಯಿಂದ ನನಗೆ ಒಳ್ಳೆಯದನ್ನು ಕೋರಿದರೆ ಕೈಚಾಚಿ ತೆಗೆದುಕೊಳ್ಳುತ್ತೇನೆ. ನನ್ನ ಬಾಯಿಂದಲೇ ಆ ನಂಬಿಕೆಯನ್ನು ಹೇಳಿಸಬೇಕೆಂದರೆ, ಹೇಳುವುದಿಲ್ಲ. ಬಿಸಿಲೂರಿನ ಅಕ್ಕ, ನಿಮ್ಮ ಸ್ಥಿತಿಯಲ್ಲಿ ಇರುವವರಿಗೆ ಈ ಗೆರೆ ಅನ್ವಯಿಸುವುದಿಲ್ಲ ಎಂಬುದೂ ಮನಸ್ಸಿನಲ್ಲಿದೆ. ಸಾವಿನ ಮನೆ ಮಾತ್ರ ಇನ್ನೂ ಬಗೆಹರಿದಿಲ್ಲ. ‘ಅವರ ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಬರೆಯಲು ಬೆರಳು ಏಳುವುದಿಲ್ಲ, ‘ಸಂತಾಪಗಳು’ ಎಂದರೆ ಕಚೇರಿಯ ಸುತ್ತೋಲೆಯಂತಿರುತ್ತದೆ.

ರಾತ್ರಿಪಾಳಿ

ಸತ್ತವರ ಬಗ್ಗೆ ನಿಮಗೆ ಗೊತ್ತಿರುವ ಒಂದೇ ಒಂದು ನಿಜವನ್ನು ಹೇಳಿ. ನಮ್ಮ ವಾರ್ಡಿನ ಆಯಾ ತೀರಿಕೊಂಡಾಗ ಮಗಳಿಗೆ ನಾನು ಬರೆದದ್ದು ಇಷ್ಟು: ‘ನಿಮ್ಮಮ್ಮ ಹೆಣದ ಹಾಸಿಗೆ ಬದಲಿಸುವಾಗಲೂ ಮುಖದ ಮೇಲಿನ ಕೂದಲನ್ನು ಸರಿಮಾಡಿಯೇ ಬಟ್ಟೆ ಹೊದಿಸುತ್ತಿದ್ದರು. ನಾನು ಅದನ್ನು ಅವರಿಂದ ಕಲಿತೆ.’ ಆ ಹುಡುಗಿ ಅದನ್ನು ಅಚ್ಚು ಹಾಕಿಸಿ ಫೋಟೋದ ಪಕ್ಕದಲ್ಲಿ ಇಟ್ಟಿದ್ದಾಳೆ. ಏನೂ ಗೊತ್ತಿಲ್ಲದವರಾದರೆ ‘ಸುದ್ದಿ ಕೇಳಿ ಸಂಕಟವಾಯಿತು, ನಾಳೆ ಬರುತ್ತೇನೆ’ ಎನ್ನಿ, ಮತ್ತು ಹೋಗಿ.

ದಾವಣಗೆರೆ ದಾರಿ

ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಬೇಕಾಗುತ್ತದೆ ಎಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಅಪ್ಪ ಹೋದರು. ರೈಲ್ವೆಯಲ್ಲಿದ್ದವರು, ಬದುಕಿನುದ್ದಕ್ಕೂ ನಾಸ್ತಿಕರು. ಮೊದಲೇ ಬರೆದುಕೊಟ್ಟಿದ್ದಂತೆ ಆರು ಗಂಟೆಯೊಳಗೆ ಕಣ್ಣು ತೆಗೆದುಕೊಂಡು ಹೋದರು. ಬೆಳಿಗ್ಗೆ ದೇಹವನ್ನು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಒಪ್ಪಿಸಿ ಬಂದೆವು. ಈಗ ಪತ್ರಿಕೆಗೆ ನಿಧನದ ಜಾಹೀರಾತು ಕೊಡಬೇಕು. ಜಾಹೀರಾತು ವಿಭಾಗದವರು ಸಿದ್ಧ ನಮೂನೆಗಳನ್ನು ಕಳುಹಿಸಿದ್ದಾರೆ: ಲಿಂಗೈಕ್ಯರಾದರು, ದೈವಾಧೀನರಾದರು, ಸ್ವರ್ಗಸ್ಥರಾದರು. ಕೆಳಗೆ ಶಿವಗಣಾರಾಧನೆ, ಇಲ್ಲವೇ ಕೈಲಾಸ ಸಮಾರಾಧನೆ. ಅಪ್ಪನಿಗೆ ಇವು ಯಾವುವೂ ಒಪ್ಪಿಗೆಯಾಗುತ್ತಿರಲಿಲ್ಲ. ಆದರೆ ಅಮ್ಮ ನಿತ್ಯ ಲಿಂಗಪೂಜೆ ಮಾಡುವವರು. ‘ಲಿಂಗೈಕ್ಯ ಎಂದು ಹಾಕದಿದ್ದರೆ ಬೀಗರು ಏನೆನ್ನುತ್ತಾರೆ’ ಎಂದು ಅಳುತ್ತಿದ್ದಾರೆ. ಸಂಜೆಯೊಳಗೆ ಕೊಡಬೇಕು. ದಯವಿಟ್ಟು ಒಂದಿಷ್ಟು ಸಾಲು ಬರೆದುಕೊಡಿ.

ನಿವೃತ್ತ ಮೇಷ್ಟ್ರು, ತಿಪಟೂರು

ಸುದ್ದಿ ಓದಿ ಮನಸ್ಸು ಭಾರವಾಯಿತಪ್ಪ. ‘ನಿಧನರಾದರು’ ಎಂದು ಹಾಕಿ. ಅದು ಎಲ್ಲರಿಗೂ ಹೊಂದುವ, ಗೌರವದ ಮಾತು. ಜಾಹೀರಾತು ಅಪ್ಪನ ಕುರಿತದ್ದು, ಅಲ್ಲಿ ಅಪ್ಪನ ನಿಲುವು ಇರಲಿ. ಮನೆಯಲ್ಲಿ ಅಮ್ಮ ದೀಪ ಹಚ್ಚಬೇಕೆಂದರೆ ಹಚ್ಚಲಿ, ವಿಭೂತಿ ಇಡಬೇಕೆಂದರೆ ಇಡಲಿ. ದುಃಖ ಅವರದು. ಅದನ್ನು ನೀವು ತಡೆಯಬಾರದು. ಅಪ್ಪನೂ ತಡೆಯುತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

ಕಾವೇರಿ ಕಣಿವೆ

‘ಶಿವಗಣಾರಾಧನೆ’ಯ ಜಾಗಕ್ಕೆ ‘ನೆನಪಿನ ಸಭೆ’ ಎಂದು ಹಾಕಿ. ಊಟ ಇದೆ ಎಂದು ಮರೆಯದೆ ತಿಳಿಸಿ. ದೂರದಿಂದ ಬರುವವರಿಗೆ ಕಾರ್ಯವಿಲ್ಲದ ಮನೆಯಲ್ಲಿ ಊಟವೂ ಇರುವುದಿಲ್ಲವೇನೋ ಎಂಬ ಅನುಮಾನ ಬರುತ್ತದೆ.

ಸಾಗರದ ಓದುಗ

ನನ್ನ ಕರಡು: ‘ನಮ್ಮ ತಂದೆ, ನಿವೃತ್ತ ರೈಲ್ವೆ ನೌಕರರಾದ ಇಂಥವರು ಮಂಗಳವಾರ ರಾತ್ರಿ ನಿಧನರಾದರು. ಅವರ ಇಚ್ಛೆಯಂತೆ ಕಣ್ಣು ಮತ್ತು ದೇಹವನ್ನು ದಾನ ಮಾಡಲಾಗಿದೆ. ಭಾನುವಾರ ಬೆಳಿಗ್ಗೆ 11ಕ್ಕೆ ಮನೆಯಲ್ಲಿ ನೆನಪಿನ ಸಭೆ ಇದೆ. ಅವರನ್ನು ಬಲ್ಲವರು ಬಂದು ಎರಡು ಮಾತನಾಡಬೇಕು, ಊಟ ಮಾಡಿಕೊಂಡು ಹೋಗಬೇಕು. ಹಾರ ತರುವುದು ಬೇಡ. ಇಂತಿ, ಪತ್ನಿ ಮತ್ತು ಮಕ್ಕಳು.’ ‘ಸೂತಕ ಆಚರಿಸುವುದಿಲ್ಲ’ ಎಂದು ಸೇರಿಸಬೇಡಿ. ಅಮ್ಮ ಆಚರಿಸಬಹುದು.

ಬಂದರಿನವಳು

ಬಂದವರು ‘ಕೈಲಾಸ ಸಿಗಲಿ’ ಎಂದರೆ ‘ನೀವು ಬಂದಿರಲ್ಲ, ಅಮ್ಮನ ಹತ್ತಿರ ಸ್ವಲ್ಪ ಕುಳಿತುಕೊಳ್ಳಿ’ ಎನ್ನಿ. ನಮ್ಮ ಅಜ್ಜಿಯ ಸಾವಿನಲ್ಲಿ ನಾನು ಎಲ್ಲರಿಗೂ ಹೇಳಿದ್ದು ಅದೊಂದೇ.

ದಾವಣಗೆರೆ ದಾರಿ

ಕರಡನ್ನು ಅಮ್ಮನಿಗೆ ಓದಿ ಹೇಳಿದೆ. ‘ನಿಧನರಾದರು’ ಎಂಬುದಕ್ಕೆ ಒಪ್ಪಿದರು. ಎರಡು ಬದಲಾವಣೆ ಕೇಳಿದರು. ‘ಪತ್ನಿ’ ಎಂಬಲ್ಲಿ ತಮ್ಮ ಹೆಸರು ಇರಬೇಕು. ‘ಹಾರ ತರುವುದು ಬೇಡ’ ಎಂಬುದನ್ನು ತೆಗೆಯಬೇಕು, ಏಕೆಂದರೆ ಅಪ್ಪನ ಜೊತೆ ಕೆಲಸ ಮಾಡಿದ ಗ್ಯಾಂಗ್‌ಮನ್‌ಗಳು ಹಾರವಿಲ್ಲದೆ ಬರಿಗೈಯಲ್ಲಿ ಮನೆಯೊಳಗೆ ಬರಲು ಹಿಂಜರಿಯುತ್ತಾರಂತೆ. ಎರಡನ್ನೂ ಸರಿಪಡಿಸಿ ಈಗಷ್ಟೇ ಕಳುಹಿಸಿದೆ. ನಾಡಿದ್ದಿನ ಸಂಚಿಕೆಯಲ್ಲಿ ಬರುತ್ತದೆ ಎಂದಿದ್ದಾರೆ. ಸಾಗರದ ಓದುಗರೇ, ನೀವು ಬರುವುದಾದರೆ ಖಾಸಗಿಯಾಗಿ ತಿಳಿಸಿ, ಮನೆಯ ವಿಳಾಸ ಕಳುಹಿಸುತ್ತೇನೆ.